ಕವಾಸಾಕಿ ಕಾಯಿಲೆ ಮತ್ತು ಕರುಳಿನ ಬ್ಯಾಕ್ಟೀರಿಯಾ: ಆಂಟಿಬಯೋಟಿಕ್ ಕೊಟ್ಟಿದ್ದೇ ತಪ್ಪಾಯಿತಾ?

ಪ್ರಶ್ನೆ: ನನ್ನ ಮಗನಿಗೆ ಮೂರು ವರ್ಷ, ತೂಕ 13 ಕೆಜಿ. ಐದು ವಾರದ ಹಿಂದೆ ಜೋರು ಜ್ವರ ಬಂತು. ಗಂಟಲು ಕೆಂಪಾಗಿದೆ ಎಂದು ನಮ್ಮೂರಿನ ಡಾಕ್ಟರು ಆಂಟಿಬಯೋಟಿಕ್ ಸಿರಪ್ ಬರೆದುಕೊಟ್ಟರು. ನಾಲ್ಕು ದಿನ ಕುಡಿಸಿದರೂ ಜ್ವರ ಇಳಿಯಲಿಲ್ಲ. ಆಮೇಲೆ ಕಣ್ಣು, ತುಟಿ ಕೆಂಪಾದವು, ಮೈಮೇಲೆ ದದ್ದು ಎದ್ದಿತು. ಏಳನೇ ದಿನ ದೊಡ್ಡ ಆಸ್ಪತ್ರೆಯಲ್ಲಿ ಕವಾಸಾಕಿ ಕಾಯಿಲೆ ಎಂದು ಹೇಳಿ ಇಮ್ಯುನೊಗ್ಲಾಬ್ಯುಲಿನ್ ಡ್ರಿಪ್ ಹಾಕಿದರು. ಎರಡು ಸಲ ಎಕೋ (ಹೃದಯದ ಸ್ಕ್ಯಾನ್) ಮಾಡಿದ್ದಾರೆ, ಎರಡೂ ನಾರ್ಮಲ್. ಈಗ ಆಸ್ಪಿರಿನ್ ನಡೆಯುತ್ತಿದೆ. ಕರುಳಿನ ಬ್ಯಾಕ್ಟೀರಿಯಾ ಕೆಟ್ಟರೆ ಈ ಕಾಯಿಲೆ ಬರುತ್ತದೆ ಎಂದು ಓದಿದೆ. ಹಾಗಾದರೆ ನಾವು ಕುಡಿಸಿದ ಸಿರಪ್‌ನಿಂದಲೇ ಬಂತಾ? ಪ್ರೊಬಯೋಟಿಕ್ ಪೌಡರ್ ಕೊಡಬೇಕಾ? ಮೊಸರಿನಲ್ಲಿರುವ ಬ್ಯಾಕ್ಟೀರಿಯಾದಿಂದಲೇ ಇಲಿಗಳಿಗೆ ಈ ಕಾಯಿಲೆ ಬರಿಸುತ್ತಾರೆ ಎಂದು ನಮ್ಮ ಸಂಬಂಧಿಕರೊಬ್ಬರು ಹೇಳಿದರು. ಅಂದಿನಿಂದ ಮೊಸರು ಕೊಡಲು ಭಯ. ಮನೆಯಲ್ಲಿ ಹತ್ತು ತಿಂಗಳ ಮಗಳೂ ಇದ್ದಾಳೆ. ಅವಳಿಗೂ ಬರಬಹುದಾ?

ಉತ್ತರ: ನಿಮ್ಮ ಮನಸ್ಸನ್ನು ಜಾಸ್ತಿ ಕೊರೆಯುತ್ತಿರುವ ಮಾತಿಗೇ ಮೊದಲು ಬರುತ್ತೇನೆ. ನೀವು ಕುಡಿಸಿದ ಸಿರಪ್‌ನಿಂದ ಮಗನಿಗೆ ಕವಾಸಾಕಿ ಬರಲಿಲ್ಲ. ನೀವು ಬರೆದಿರುವ ದಿನಗಳನ್ನೇ ಸಾಲಾಗಿ ಇಟ್ಟು ನೋಡಿ. ಜ್ವರ ಮೊದಲು ಬಂತು, ಸಿರಪ್ ಆಮೇಲೆ ಬಂತು. ಏಳನೇ ದಿನ ಗೊತ್ತಾದ ಕಾಯಿಲೆ ಶುರುವಾಗಿದ್ದು ಆ ಮೊದಲನೇ ದಿನದ ಜ್ವರದಿಂದಲೇ. ಆಂಟಿಬಯೋಟಿಕ್‌ಗೆ ಜ್ವರ ಜಗ್ಗಲಿಲ್ಲ, ಯಾಕೆಂದರೆ ಅದು ಆಂಟಿಬಯೋಟಿಕ್‌ಗೆ ಜಗ್ಗುವ ಜ್ವರ ಆಗಿರಲಿಲ್ಲ.

ನಿಮ್ಮೂರಿನ ಡಾಕ್ಟರ ಬಗ್ಗೆಯೂ ಬೇಸರ ಬೇಡ. ಕವಾಸಾಕಿಯನ್ನು ಖಚಿತಪಡಿಸುವ ರಕ್ತ ಪರೀಕ್ಷೆ ಇವತ್ತಿಗೂ ಇಲ್ಲ. ಲಕ್ಷಣಗಳನ್ನು ಒಟ್ಟುಗೂಡಿಸಿಯೇ ಹೇಳಬೇಕು. ಅವು ಒಂದೇ ದಿನ ಒಟ್ಟಿಗೆ ಕಾಣಿಸುವುದೂ ಇಲ್ಲ. ಇವತ್ತು ಕಣ್ಣು ಕೆಂಪು, ನಾಳೆ ದದ್ದು, ನಾಡಿದ್ದು ಪಾದದ ಊತ. ಎರಡನೇ ದಿನ ನೋಡಿದವರಿಗೆ ಬರೀ ಜ್ವರ ಮತ್ತು ಕೆಂಪು ಗಂಟಲು ಕಂಡಿರುತ್ತದೆ. ಮಕ್ಕಳ ಡಾಕ್ಟರಾಗಿ ನಾನು ನೋಡುವ ಕವಾಸಾಕಿ ಮಕ್ಕಳಲ್ಲಿ ಹೆಚ್ಚಿನವರು ಒಂದಲ್ಲ ಒಂದು ಆಂಟಿಬಯೋಟಿಕ್ ಕುಡಿದೇ ಬಂದಿರುತ್ತಾರೆ. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಕರುಳಿನ ವಿಷಯ. ನೀವು ಓದಿದ್ದು ಪೂರ್ತಿ ಸುಳ್ಳಲ್ಲ. ಕರುಳಿಗೂ ಈ ಕಾಯಿಲೆಗೂ ನಂಟಿದೆ ಎನ್ನಲು ಒಳ್ಳೆಯ ಕಾರಣಗಳಿವೆ. ಆದರೆ ಆ ನಂಟು ಯಾವ ಮಟ್ಟದ್ದು, ಯಾವುದು ಇಲಿಯಲ್ಲಿ ಕಂಡಿದ್ದು, ಯಾವುದು ಮಕ್ಕಳಲ್ಲಿ ಕಂಡಿದ್ದು ಎಂದು ಬಿಡಿಸಿ ನೋಡದಿದ್ದರೆ ಸುಮ್ನೆ ಭಯವಾಗುತ್ತದೆ, ಇಲ್ಲವೇ ಸುಮ್ನೆ ದುಡ್ಡು ಖರ್ಚಾಗುತ್ತದೆ.

ಕಾಯಿಲೆಯ ಕಥೆ ಸ್ವಲ್ಪ ಹೇಳುತ್ತೇನೆ. ಟೋಕಿಯೊದ ರೆಡ್ ಕ್ರಾಸ್ ಆಸ್ಪತ್ರೆಯಲ್ಲಿ ತೊಮಿಸಾಕು ಕವಾಸಾಕಿ ಎಂಬ ಮಕ್ಕಳ ಡಾಕ್ಟರಿದ್ದರು. 1961ರಲ್ಲಿ ಅವರ ಹತ್ತಿರ ನಾಲ್ಕು ವರ್ಷದ ಹುಡುಗನೊಬ್ಬ ಬಂದ. ಇಳಿಯದ ಜ್ವರ, ಕೆಂಪು ಕಣ್ಣು, ಒಡೆದ ತುಟಿ, ದದ್ದು. ಪುಸ್ತಕದಲ್ಲಿದ್ದ ಯಾವ ಕಾಯಿಲೆಗೂ ಅದು ಹೊಂದಲಿಲ್ಲ. ಅವರು ಅದನ್ನು ಮರೆಯಲಿಲ್ಲ, ಅಂಥ ಮಕ್ಕಳನ್ನು ಗುರುತಿಸುತ್ತಾ ಹೋದರು. 1967ರಲ್ಲಿ 50 ಮಕ್ಕಳ ವಿವರವನ್ನು ಜಪಾನಿ ಭಾಷೆಯಲ್ಲಿ ಪ್ರಕಟಿಸಿದರು. ತಾನಾಗಿ ಬಂದು ತಾನಾಗಿ ಹೋಗುವ ಜ್ವರ ಎಂದೇ ಆಗ ಅಂದುಕೊಂಡಿದ್ದರು. 1970ರಲ್ಲಿ ಜಪಾನ್ ದೇಶದಾದ್ಯಂತ ಸಮೀಕ್ಷೆ ಮಾಡಿದಾಗ ನಿಜ ಹೊರಬಿತ್ತು. ಕೆಲವು ಮಕ್ಕಳು ಜ್ವರ ಬಿಟ್ಟ ಮೇಲೆ ಇದ್ದಕ್ಕಿದ್ದಂತೆ ತೀರಿಹೋಗಿದ್ದರು. ಹೃದಯಕ್ಕೆ ರಕ್ತ ಕೊಡುವ ಕರೋನರಿ ನಾಳಗಳಲ್ಲಿ ಅವರಿಗೆ ರಕ್ತ ಹೆಪ್ಪುಗಟ್ಟಿತ್ತು. ಚರ್ಮ, ಕಣ್ಣು, ಬಾಯಿಯಲ್ಲಿ ಕಾಣುವುದೆಲ್ಲ ಮೇಲಿನದು. ಕಾಯಿಲೆಯ ನಿಜವಾದ ಜಾಗ ರಕ್ತನಾಳದ ಗೋಡೆ.

ಚಿಕಿತ್ಸೆ ಕೊಡದಿದ್ದರೆ ಸುಮಾರು ನಾಲ್ಕು ಮಕ್ಕಳಲ್ಲಿ ಒಬ್ಬರಿಗೆ ಕರೋನರಿ ನಾಳ ಉಬ್ಬಿಕೊಳ್ಳುತ್ತದೆ. ಜ್ವರ ಶುರುವಾದ ಹತ್ತು ದಿನದೊಳಗೆ ಇಮ್ಯುನೊಗ್ಲಾಬ್ಯುಲಿನ್ ಸಿಕ್ಕರೆ ಅದು ನೂರಕ್ಕೆ ನಾಲ್ಕೈದಕ್ಕೆ ಇಳಿಯುತ್ತದೆ. ಒಂದು ಕೆಜಿ ತೂಕಕ್ಕೆ 2 ಗ್ರಾಂ ಲೆಕ್ಕ, ಹತ್ತು ಹನ್ನೆರಡು ಗಂಟೆ ನಿಧಾನವಾಗಿ ಡ್ರಿಪ್ ಹಾಕುತ್ತಾರೆ. ನಿಮ್ಮ ಮಗನಿಗೆ 26 ಗ್ರಾಂ ಆಗಿರುತ್ತದೆ. ದುಬಾರಿ ಔಷಧ, ನಿಮಗೆ ಗೊತ್ತೇ ಇದೆ. ಆದರೆ ಏಳನೇ ದಿನ ಅದು ಅವನಿಗೆ ಸಿಕ್ಕಿದೆ. ಎರಡು ಎಕೋ ನಾರ್ಮಲ್ ಬಂದಿವೆ. ಅವನ ಹೃದಯವನ್ನು ಕಾಪಾಡಲು ಬೇಕಾದ ಮುಖ್ಯ ಕೆಲಸ ಸರಿಯಾದ ಸಮಯಕ್ಕೆ ಆಗಿದೆ.

ಹಾಗಾದರೆ ಕಾಯಿಲೆ ಬರುವುದಾದರೂ ಯಾಕೆ? ಒಂದೇ ಕಾರಣ ಇನ್ನೂ ಸಿಕ್ಕಿಲ್ಲ. ಆದರೆ ಗೊತ್ತಿರುವ ಸಂಗತಿಗಳು ಬೇಕಾದಷ್ಟಿವೆ. ಹೆಚ್ಚಿನ ಮಕ್ಕಳು ಐದು ವರ್ಷದೊಳಗಿನವರು. ಗಂಡುಮಕ್ಕಳಲ್ಲಿ ಸ್ವಲ್ಪ ಜಾಸ್ತಿ. ಜಪಾನ್‌ನಲ್ಲಿ ಐದು ವರ್ಷದೊಳಗಿನ ಒಂದು ಲಕ್ಷ ಮಕ್ಕಳಲ್ಲಿ ವರ್ಷಕ್ಕೆ 300ಕ್ಕಿಂತ ಹೆಚ್ಚು ಮಂದಿಗೆ ಬರುತ್ತದೆ, ಅಮೆರಿಕದಲ್ಲಿ 20-25 ಮಂದಿಗೆ. ಅಮೆರಿಕದ ಹವಾಯಿಯಲ್ಲಿ ಹುಟ್ಟಿ ಬೆಳೆದ ಜಪಾನಿ ಮೂಲದ ಮಕ್ಕಳಲ್ಲೂ ಜಾಸ್ತಿ. ಅಂದರೆ ವಂಶವಾಹಿಗಳ ಪಾತ್ರ ಇದೆ. ಆದರೆ ಜಪಾನ್‌ನಲ್ಲಿ 1979, 1982 ಮತ್ತು 1986ರಲ್ಲಿ ಇದು ಅಲೆಯ ಹಾಗೆ ಬಂದು ಹೋಯಿತು. ಜೀನ್‌ಗಳು ವರ್ಷ ನೋಡಿ ಏರಿಳಿಯುವುದಿಲ್ಲ ಅಲ್ವಾ? 2020ರಲ್ಲಿ ಕೋವಿಡ್‌ಗಾಗಿ ಶಾಲೆ ಮುಚ್ಚಿ, ಎಲ್ಲರೂ ಮಾಸ್ಕ್ ಹಾಕಿಕೊಂಡಾಗ ಅಲ್ಲಿ ಕವಾಸಾಕಿ ಸುಮಾರು ಮೂರನೇ ಒಂದು ಭಾಗ ಇಳಿಯಿತು. ಹೊರಗಿನಿಂದ ಬರುವ ಯಾವುದೋ ಸೋಂಕು ಕಿಡಿ ಹಚ್ಚುತ್ತದೆ, ಜೀನ್‌ಗಳಿಂದಾಗಿ ಕೆಲವು ಮಕ್ಕಳ ದೇಹ ಅದಕ್ಕೆ ಅತಿಯಾಗಿ ಉರಿದೇಳುತ್ತದೆ. ಹೆಚ್ಚಿನ ತಜ್ಞರು ಒಪ್ಪುವ ಚಿತ್ರ ಇದು.

ನಮ್ಮ ದೇಶದ ಮಾತು ಬಂದರೆ, ಚಂಡೀಗಢದ ಪಿಜಿಐ ಆಸ್ಪತ್ರೆಯವರು ತೊಂಬತ್ತರ ದಶಕದಿಂದ ಲೆಕ್ಕ ಇಟ್ಟಿದ್ದಾರೆ. ಅಲ್ಲಿ 1994ರಲ್ಲಿ ಹದಿನೈದು ವರ್ಷದೊಳಗಿನ ಲಕ್ಷ ಮಕ್ಕಳಿಗೆ 0.51 ಇದ್ದದ್ದು 2007ಕ್ಕೆ 4.54 ಆಯಿತು. ಕಾಯಿಲೆಯೂ ಹೆಚ್ಚಿರಬಹುದು. ಗುರುತಿಸುವ ಕಣ್ಣುಗಳಂತೂ ಹೆಚ್ಚಿವೆ. ನಮ್ಮಲ್ಲಿ ತಪ್ಪಿಹೋಗುವ ಮಕ್ಕಳು ಇನ್ನೂ ಇದ್ದಾರೆ ಎನ್ನುವುದು ನನ್ನ ಅಭಿಪ್ರಾಯ. ಆ ಸಂಕಟಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಈಗ ಕರುಳಿಗೆ ಬರೋಣ. ಅನುಮಾನ ಅಲ್ಲಿಗೆ ಹೋಗಿದ್ದು ಹೇಗೆ? ಮೊದಲನೆಯದು, ಈ ಮಕ್ಕಳಲ್ಲಿ ಎಷ್ಟೋ ಮಂದಿಗೆ ಹೊಟ್ಟೆನೋವು, ವಾಂತಿ, ಭೇದಿ ಇರುತ್ತದೆ. ಪಿತ್ತಕೋಶ ಊದಿಕೊಳ್ಳುವುದೂ ಉಂಟು. ಎರಡನೆಯದು ಇನ್ನೂ ಗಟ್ಟಿ ಸುಳಿವು. ತೊಂಬತ್ತರ ದಶಕದ ಕೊನೆಯಲ್ಲಿ ಅಮೆರಿಕದ ಶಿಕಾಗೋದಲ್ಲಿ ಆ್ಯನ್ ರೌಲಿ ಎಂಬ ಮಕ್ಕಳ ತಜ್ಞೆ, ಕವಾಸಾಕಿಯಿಂದ ತೀರಿಕೊಂಡ ಮಕ್ಕಳ ರಕ್ತನಾಳದ ಗೋಡೆಗಳನ್ನು ಪರೀಕ್ಷಿಸಿದರು. ಅಲ್ಲಿ ಐಜಿಎ ಎಂಬ ಪ್ರತಿಕಾಯವನ್ನು, ಅಂದರೆ ಸೋಂಕಿನ ವಿರುದ್ಧ ದೇಹ ಮಾಡಿಕೊಳ್ಳುವ ರಕ್ಷಣಾ ಪ್ರೋಟೀನನ್ನು, ತಯಾರಿಸುವ ಕೋಶಗಳು ಸಿಕ್ಕವು. ಐಜಿಎ ಸಾಮಾನ್ಯವಾಗಿ ಮೂಗು, ಶ್ವಾಸನಾಳ, ಕರುಳಿನ ಒಳಪದರವನ್ನು ಕಾಯುವ ಪ್ರತಿಕಾಯ. ಅದಕ್ಕೆ ಹೃದಯದ ರಕ್ತನಾಳದಲ್ಲಿ ಏನು ಕೆಲಸ? ಕಿಡಿ ಹಚ್ಚಿದ್ದು ಉಸಿರಿನ ದಾರಿಯಿಂದಲೋ ಕರುಳಿನ ದಾರಿಯಿಂದಲೋ ಒಳಗೆ ಬಂದಿದೆ ಎಂದು ಇದು ಹೇಳುತ್ತದೆ. ಮಕ್ಕಳಲ್ಲಿ ಅತಿ ಹೆಚ್ಚು ಕಾಣುವ ಇನ್ನೊಂದು ರಕ್ತನಾಳದ ಉರಿಯೂತ ಇದೆ, ಕಾಲಿನ ಮೇಲೆ ನೇರಳೆ ಚುಕ್ಕೆ, ಕೀಲುನೋವು, ಹೊಟ್ಟೆನೋವು ತರುವಂಥದ್ದು. ಅದರಲ್ಲೂ ಇದೇ ಐಜಿಎ ರಕ್ತನಾಳಗಳಲ್ಲಿ ಕೂತಿರುತ್ತದೆ.

ಮೂರನೆಯದು ಇಲಿಗಳ ಕಥೆ. ನಿಮ್ಮ ಸಂಬಂಧಿಕರು ಕೇಳಿದ್ದು ಇದನ್ನೇ. 1985ರಲ್ಲಿ ಲಾಸ್ ಏಂಜಲಿಸ್‌ನ ವಿಜ್ಞಾನಿಗಳು ಲ್ಯಾಕ್ಟೊಬ್ಯಾಸಿಲಸ್ ಕೇಸಿ ಎಂಬ ಬ್ಯಾಕ್ಟೀರಿಯಾದ ಹೊರಗೋಡೆಯನ್ನು ಒಡೆದು, ಅದರ ಸಾರ ತೆಗೆದರು. ಅದನ್ನು ಇಲಿಮರಿಗಳ ಹೊಟ್ಟೆಯೊಳಗೆ ಇಂಜೆಕ್ಷನ್ ಮಾಡಿದರು. ಕೆಲವು ದಿನಗಳಲ್ಲಿ ಅವುಗಳ ಕರೋನರಿ ನಾಳದಲ್ಲಿ ಕವಾಸಾಕಿಯನ್ನೇ ಹೋಲುವ ಉರಿಯೂತ ಕಾಣಿಸಿತು. ಇವತ್ತಿಗೂ ಈ ಕಾಯಿಲೆಯ ಅಧ್ಯಯನಕ್ಕೆ ಜಾಸ್ತಿ ಬಳಸುವ ವಿಧಾನ ಇದು.

ಇದನ್ನು ಕೇಳಿ ಮೊಸರು ನಿಲ್ಲಿಸುವ ಅಗತ್ಯ ಇಲ್ಲವೇ ಇಲ್ಲ. ಸತ್ತ ಬ್ಯಾಕ್ಟೀರಿಯಾದ ಗೋಡೆಯ ಚೂರುಗಳನ್ನು ಭಾರೀ ಪ್ರಮಾಣದಲ್ಲಿ, ಬಾಯಿ ಮತ್ತು ಕರುಳನ್ನು ಪೂರ್ತಿ ತಪ್ಪಿಸಿ, ನೇರವಾಗಿ ಹೊಟ್ಟೆಯ ಕುಹರಕ್ಕೆ ಚುಚ್ಚಿದರೆ ದೇಹದ ರಕ್ಷಣಾ ವ್ಯವಸ್ಥೆ ಕೆರಳುತ್ತದೆ. ತಟ್ಟೆಯ ಮೊಸರನ್ನ ಬಾಯಿಂದ ಇಳಿದು, ಜಠರದ ಆಮ್ಲ ದಾಟಿ, ಕರುಳಿನಲ್ಲಿ ಜೀರ್ಣವಾಗುತ್ತದೆ. ಎರಡಕ್ಕೂ ಹೋಲಿಕೆಯೇ ಇಲ್ಲ. ಆ ಸಾರವನ್ನು ವಿಜ್ಞಾನಿಗಳು ಬಳಸುವುದು ಉರಿಯೂತ ಹಚ್ಚುವ ಸಾಧನವಾಗಿ ಮಾತ್ರ. ಮಕ್ಕಳಿಗೆ ಕವಾಸಾಕಿ ಬರುವುದು ಲ್ಯಾಕ್ಟೊಬ್ಯಾಸಿಲಸ್‌ನಿಂದ ಎಂದು ಅವರು ಯಾರೂ ಹೇಳಿಲ್ಲ. ಮಗ ಮೊಸರು ಇಷ್ಟಪಟ್ಟರೆ ಇವತ್ತಿನಿಂದಲೇ ಕೊಡಿ.

ಲಾಸ್ ಏಂಜಲಿಸ್‌ನದೇ ಸೀಡರ್ಸ್-ಸೈನಾಯ್ ಆಸ್ಪತ್ರೆಯ ತಂಡ ಈ ಇಲಿಗಳಲ್ಲಿ ಮುಂದೆ ಮಾಡಿದ ಕೆಲಸ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಕರುಳಿನ ಒಳಗೋಡೆಯಲ್ಲಿ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತವೆ. ಕೆರೆಯ ಏರಿಯಲ್ಲಿ ನೀರು ಸ್ವಲ್ಪ ಜಿನುಗುವುದು ಸಹಜ, ಜಿನುಗು ಮಿತಿಮೀರಿದರೆ ಕೆಳಗಿನ ಗದ್ದೆಗೆ ಅಪಾಯ. ಇಲ್ಲೂ ಹಾಗೇ. 2019ರಲ್ಲಿ ಈ ತಂಡ ತೋರಿಸಿದ್ದೇನೆಂದರೆ, ಕಾಯಿಲೆ ಹಚ್ಚಿದ ಇಲಿಗಳಲ್ಲಿ ಕರುಳಿನ ಕೋಶಗಳ ನಡುವಿನ ಬಿಗಿ ಸಡಿಲವಾಗುತ್ತದೆ. ಇಂಟರ್‌ಲ್ಯೂಕಿನ್-1 ಎಂಬ ಉರಿಯೂತದ ರಾಸಾಯನಿಕ ಆ ಬಿಗಿಯನ್ನು ಸಡಿಲಿಸುತ್ತದೆ. ಒಳಗೆ ಇರಬೇಕಾದದ್ದು ರಕ್ತಕ್ಕೆ ಸೋರುತ್ತದೆ. ಕರುಳಿನ ಐಜಿಎ ರಕ್ತದಲ್ಲಿ ಹೆಚ್ಚಾಗಿ, ರಕ್ತನಾಳದ ಗೋಡೆಯಲ್ಲಿ ಹೋಗಿ ಕೂರುತ್ತದೆ. ಸೋರಿಕೆ ತಡೆಯುವ ಔಷಧ ಕೊಟ್ಟಾಗ ರಕ್ತನಾಳದ ಉರಿಯೂತವೂ ಕಡಿಮೆಯಾಯಿತು. ಅಂದರೆ ಆ ಇಲಿಗಳಲ್ಲಿ ಸೋರಿಕೆ ಬರೀ ಒಂದು ಲಕ್ಷಣ ಆಗಿರಲಿಲ್ಲ, ಕಾಯಿಲೆಯನ್ನು ಮುಂದಕ್ಕೆ ತಳ್ಳುವುದರಲ್ಲಿ ಅದರದೂ ಕೈ ಇತ್ತು.

ಆಮೇಲೆ ಅದೇ ತಂಡ ಬ್ಯಾಕ್ಟೀರಿಯಾಗಳ ಕಡೆ ತಿರುಗಿತು. ಇಲಿಗಳಿಗೆ ಹಲವು ಆಂಟಿಬಯೋಟಿಕ್ ಒಟ್ಟಿಗೆ ಕೊಟ್ಟು ಕರುಳನ್ನು ಬಹುಮಟ್ಟಿಗೆ ಖಾಲಿ ಮಾಡಿದರು. ಹುಟ್ಟಿನಿಂದಲೇ ಒಂದೂ ಬ್ಯಾಕ್ಟೀರಿಯಾ ಇಲ್ಲದಂತೆ ಸಾಕಿದ ಇಲಿಗಳನ್ನೂ ತೆಗೆದುಕೊಂಡರು. ಏನಾಯಿತು ಗೊತ್ತಾ? ಇವುಗಳಲ್ಲಿ ರಕ್ತನಾಳದ ಉರಿಯೂತ ಕಡಿಮೆಯಾಯಿತು. ಆಂಟಿಬಯೋಟಿಕ್ ಕೊಟ್ಟಿದ್ದಕ್ಕೆ ಕಾಯಿಲೆ ಬಂತಾ ಎಂದು ನೀವು ಕೇಳಿದಿರಿ. ಈ ಪ್ರಯೋಗದಲ್ಲಿ ಆಗಿದ್ದು ಅದಕ್ಕೆ ತದ್ವಿರುದ್ಧ! ಹಾಗೆಂದು ಆಂಟಿಬಯೋಟಿಕ್ ಕವಾಸಾಕಿಗೆ ಮದ್ದು ಎಂದು ತಿಳಿಯಬೇಡಿ, ಮಕ್ಕಳಲ್ಲಿ ಅದರಿಂದ ಪ್ರಯೋಜನ ಇಲ್ಲ. ಕರುಳಿನಲ್ಲಿ ಒಳ್ಳೆಯವು, ಕೆಟ್ಟವು ಎಂಬ ಎರಡೇ ಗುಂಪು ಮಾಡಿ ಲೆಕ್ಕ ಹಾಕಿದರೆ ಉತ್ತರ ಸಿಗುವುದಿಲ್ಲ ಎನ್ನುವುದಕ್ಕೆ ಇದನ್ನು ಹೇಳಿದೆ.

ಇನ್ನೊಂದು ಸಂಗತಿಯೂ ಅಲ್ಲಿ ಕಂಡಿತು. ಕಾಯಿಲೆಯ ಇಲಿಗಳ ಕರುಳಿನಲ್ಲಿ ಅಕರ್ಮ್ಯಾನ್ಸಿಯಾ ಮತ್ತು ಫೀಕಾಲಿಬ್ಯಾಕ್ಟೀರಿಯಂ ಎಂಬ ಎರಡು ಬಗೆಯ ಬ್ಯಾಕ್ಟೀರಿಯಾ ಕಡಿಮೆಯಾಗಿದ್ದವು. ಮೊದಲನೆಯದು ಕರುಳಿನ ಲೋಳೆಪದರದಲ್ಲಿ ಬದುಕುತ್ತದೆ. ಎರಡನೆಯದು ನಾವು ತಿಂದ ನಾರನ್ನು ಹುಳಿಸಿ ಬ್ಯುಟಿರೇಟ್ ಎಂಬ ಚಿಕ್ಕ ಕೊಬ್ಬಿನಾಮ್ಲ ತಯಾರಿಸುತ್ತದೆ. ಕರುಳಿನ ಗೋಡೆಯ ಕೋಶಗಳಿಗೆ ಅದೇ ಮುಖ್ಯ ಆಹಾರ. ಈ ಬ್ಯಾಕ್ಟೀರಿಯಾಗಳನ್ನು ಇಲಿಗಳಿಗೆ ಬಾಯಿಂದ ಕೊಟ್ಟಾಗ ಉರಿಯೂತ ತಗ್ಗಿತು. ಓದಲು ಬಹಳ ಖುಷಿಯಾಗುತ್ತದೆ. ನಾನೂ ಖುಷಿಪಟ್ಟೆ. ಆದರೆ ಆ ಇಲಿಗಳಿಗೆ ಕಾಯಿಲೆ ಯಾವ ದಿನ ಬರುತ್ತದೆ ಎಂದು ವಿಜ್ಞಾನಿಗಳಿಗೆ ಮೊದಲೇ ಗೊತ್ತಿತ್ತು, ಯಾಕೆಂದರೆ ಹಚ್ಚಿದವರು ಅವರೇ. ನಮ್ಮ ಮಕ್ಕಳಿಗೆ ಹಾಗೆ ಮುಂಚಿತವಾಗಿ ಕೊಡುವ ದಾರಿ ಇಲ್ಲ.

ಮಕ್ಕಳಲ್ಲಿ ಏನು ಕಂಡಿದೆ? ಜಪಾನಿನ ವಿಜ್ಞಾನಿಗಳು 2015ರಲ್ಲಿ 28 ಕವಾಸಾಕಿ ಮಕ್ಕಳ ಮಲವನ್ನು ಪರೀಕ್ಷಿಸಿದರು. ಜ್ವರ ಇದ್ದಾಗ ಒಮ್ಮೆ, ನಾಲ್ಕಾರು ತಿಂಗಳ ನಂತರ ಮತ್ತೊಮ್ಮೆ. ಜ್ವರದ ಸಮಯದಲ್ಲಿ ಸ್ಟ್ರೆಪ್ಟೊಕಾಕಸ್ ಜಾತಿಯವು ಹೆಚ್ಚಿದ್ದವು. ಚೇತರಿಸಿಕೊಂಡ ಮೇಲೆ ಬ್ಯುಟಿರೇಟ್ ತಯಾರಿಸುವ ಬ್ಯಾಕ್ಟೀರಿಯಾಗಳು ಹೆಚ್ಚಾದವು. ಬೇರೆ ದೇಶಗಳ ಅಧ್ಯಯನಗಳಲ್ಲೂ ಕರುಳಿನ ಬ್ಯಾಕ್ಟೀರಿಯಾ ಏರುಪೇರಾದದ್ದು ಕಂಡಿದೆ.

ಆದರೆ ಜ್ವರದಲ್ಲಿರುವ ಮಗುವನ್ನು ಕಣ್ಣ ಮುಂದೆ ತಂದುಕೊಳ್ಳಿ. ಐದು ದಿನದಿಂದ ಸರಿಯಾಗಿ ಊಟ ಇಲ್ಲ. ತುಟಿ ಒಡೆದು ನೀರು ಕುಡಿಯಲೂ ಅಳು. ಭೇದಿ ಇರಬಹುದು. ಮೇಲೆ ಆಂಟಿಬಯೋಟಿಕ್ ಬೇರೆ. ಇಂಥ ಯಾವ ಮಗುವಿನ ಕರುಳಿನಲ್ಲಾದರೂ ಬ್ಯಾಕ್ಟೀರಿಯಾಗಳ ಲೆಕ್ಕ ಬದಲಾಗಿಯೇ ಇರುತ್ತದೆ. ಆ ಬದಲಾವಣೆ ಕಾಯಿಲೆಗಿಂತ ಮೊದಲೇ ಇತ್ತೋ, ಕಾಯಿಲೆಯಿಂದ ಆಯಿತೋ? ಜ್ವರ ಬಂದ ಮೇಲೆ ತೆಗೆದ ಮಲದಿಂದ ಅದನ್ನು ಹೇಳಲು ಆಗುವುದಿಲ್ಲ. ಜ್ವರ ಬರುವ ಮೊದಲಿನ ಮಾದರಿ ಬೇಕು. ಅದಕ್ಕಾಗಿ ಸಾವಿರಾರು ಆರೋಗ್ಯವಂತ ಮಕ್ಕಳ ಮಾದರಿ ತೆಗೆದಿಟ್ಟು ಕಾಯಬೇಕು.

ಆಂಟಿಬಯೋಟಿಕ್ ಕುಡಿದ ಮಕ್ಕಳಲ್ಲಿ ಕವಾಸಾಕಿ ಜಾಸ್ತಿ ಎಂದು ಹೇಳುವ ಅಧ್ಯಯನಗಳಿಗೂ ಇದೇ ತೊಡಕು. ಮೊದಲೇ ನೆನಪಿಟ್ಟುಕೊಳ್ಳಿ ಎಂದೆನಲ್ಲ? ಕವಾಸಾಕಿಯ ಮೊದಲ ದಿನಗಳ ಜ್ವರಕ್ಕೇ ಆಂಟಿಬಯೋಟಿಕ್ ಬರೆದಿರುತ್ತಾರೆ. ಚೀಟಿಯ ತಾರೀಕು ಮೊದಲು, ಕವಾಸಾಕಿ ಎಂದು ಹೆಸರಿಟ್ಟ ತಾರೀಕು ಆಮೇಲೆ. ದಾಖಲೆ ನೋಡಿದವರಿಗೆ ಆಂಟಿಬಯೋಟಿಕ್ ಆದ ಮೇಲೆ ಕಾಯಿಲೆ ಬಂದಂತೆ ಕಾಣುತ್ತದೆ. ನಿಮ್ಮ ಮಗನ ಫೈಲ್ ನೋಡಿದರೂ ಹಾಗೇ ಕಾಣುತ್ತದೆ! ಆದರೆ ನಿಜವಾಗಿ ಏನಾಯಿತು ಎಂದು ನಿಮಗೆ ಗೊತ್ತು. ನೆಗಡಿ, ವೈರಲ್ ಜ್ವರಕ್ಕೆಲ್ಲ ಆಂಟಿಬಯೋಟಿಕ್ ಬೇಡ ಎನ್ನುವುದು ನಾನು ಯಾವತ್ತೂ ಹೇಳುವ ಮಾತು. ಅದಕ್ಕೆ ಬೇರೆ ಸಾಕಷ್ಟು ಕಾರಣಗಳಿವೆ, ಕವಾಸಾಕಿಯ ಭಯ ಸೇರಿಸಬೇಕಾಗಿಲ್ಲ.

ಕರುಳಿನ ವಿಷಯಕ್ಕೆ ತೂಕ ಬಂದಿದ್ದಕ್ಕೆ ಕೋವಿಡ್ ಕೂಡ ಒಂದು ಕಾರಣ. 2020ರಲ್ಲಿ ಇಟಲಿಯ ಬೆರ್ಗಾಮೊದಲ್ಲಿ ಕವಾಸಾಕಿಯಂಥ ಕಾಯಿಲೆ ಇದ್ದಕ್ಕಿದ್ದಂತೆ ಮೂವತ್ತು ಪಟ್ಟು ಏರಿತು. ಕೋವಿಡ್ ಬಂದು ಹೋದ ಕೆಲವು ವಾರಗಳ ನಂತರ ಮಕ್ಕಳಲ್ಲಿ ಕಾಣಿಸುವ ಈ ಉರಿಯೂತಕ್ಕೆ ಎಂಐಎಸ್-ಸಿ ಎಂದು ಹೆಸರಾಯಿತು. ನಮ್ಮಲ್ಲೂ ಅನೇಕ ಮಕ್ಕಳಿಗೆ ಬಂತು. ಇದು ಕವಾಸಾಕಿಯ ಹತ್ತಿರದ ಬಂಧು ಅಷ್ಟೇ, ಕವಾಸಾಕಿಯೇ ಅಲ್ಲ. ಇದರಲ್ಲಿ ಹೊಟ್ಟೆಯ ತೊಂದರೆ ಇನ್ನೂ ಜೋರು. 2021ರಲ್ಲಿ ಬಾಸ್ಟನ್‌ನ ಡಾಕ್ಟರುಗಳು ಈ ಮಕ್ಕಳ ಮಲದಲ್ಲಿ ವಾರಗಳ ನಂತರವೂ ವೈರಸ್‌ನ ಗುರುತು ಕಂಡರು. ಕರುಳಿನ ಬಿಗಿ ಸಡಿಲಿಸುವ ಜೊನ್ಯುಲಿನ್ ಎಂಬ ಪ್ರೋಟೀನ್ ಅವರ ರಕ್ತದಲ್ಲಿ ಹೆಚ್ಚಿತ್ತು, ವೈರಸ್‌ನ ಪ್ರೋಟೀನ್ ರಕ್ತಕ್ಕೆ ಸೋರಿತ್ತು. ಇಲಿಯಲ್ಲಿ ಕಂಡ ದಾರಿಯನ್ನೇ ಹೋಲುವ ದಾರಿ ಮಕ್ಕಳಲ್ಲೂ ಕಂಡಿತು. ಕರುಳಿನ ಸೋರಿಕೆ ತಡೆಯುವ ಔಷಧ ಮುಂದೊಂದು ದಿನ ಕವಾಸಾಕಿ ಚಿಕಿತ್ಸೆಯಲ್ಲಿ ಜಾಗ ಪಡೆಯಬಹುದು ಎಂದು ನನಗೆ ಆಸೆ ಇದೆ. ಇಮ್ಯುನೊಗ್ಲಾಬ್ಯುಲಿನ್‌ಗೂ ಜಗ್ಗದ ಮಕ್ಕಳು ನೂರಕ್ಕೆ ಹತ್ತರಿಂದ ಇಪ್ಪತ್ತು ಮಂದಿ ಇದ್ದಾರೆ. ಅವರಿಗೆ ಈಗ ಸ್ಟಿರಾಯ್ಡ್, ಇನ್‌ಫ್ಲಿಕ್ಸಿಮ್ಯಾಬ್, ಇಂಟರ್‌ಲ್ಯೂಕಿನ್-1 ತಡೆಯುವ ಅನಕಿನ್ರಾ ಮುಂತಾದವು ಇವೆ. ಇನ್ನೂ ಒಂದು ದಾರಿ ಸಿಕ್ಕರೆ ಎಷ್ಟೋ ಹೃದಯಗಳು ಉಳಿಯುತ್ತವೆ.

ಪ್ರೊಬಯೋಟಿಕ್ ಪೌಡರ್ ಕೊಡಬೇಕಾ ಎಂದಿರಿ. ಕವಾಸಾಕಿಗಾಗಿ ಬೇಡ. ಅಂಗಡಿಯಲ್ಲಿ ಸಿಗುವ ಸ್ಯಾಚೆಗಳಲ್ಲಿ ಇರುವುದು ಬೇರೆ ಜಾತಿಗಳು. ಇಲಿಗಳಿಗೆ ಕೊಟ್ಟದ್ದು ಬೇರೆ ಜಾತಿ. ಒಂದರ ಗುಣ ಇನ್ನೊಂದಕ್ಕೆ ಬರುವುದಿಲ್ಲ. ಆಂಟಿಬಯೋಟಿಕ್‌ನಿಂದ ಭೇದಿಯಾದಾಗ ಕೆಲವು ಪ್ರೊಬಯೋಟಿಕ್ ಸ್ವಲ್ಪ ಸಹಾಯ ಮಾಡುತ್ತವೆ, ಅದು ಬೇರೆ ಮಾತು. ಅಕರ್ಮ್ಯಾನ್ಸಿಯಾದ ಮಾತ್ರೆಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತಾರೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2021ರಲ್ಲಿ ಅದನ್ನು ಬಿಸಿಮಾಡಿ ಕೊಂದ ರೂಪದಲ್ಲಿ, ದೊಡ್ಡವರಿಗೆ ಮಾತ್ರ ಸುರಕ್ಷಿತ ಎಂದಿತು. ಮೂರು ವರ್ಷದ ಮಗುವಿಗೆ ಖಂಡಿತ ಕೊಡಬೇಡಿ. ಮಲ ಕಳಿಸಿದರೆ ಬ್ಯಾಕ್ಟೀರಿಯಾ ಲೆಕ್ಕ ಕೊಡುತ್ತೇವೆ ಎನ್ನುವ ದುಬಾರಿ ಟೆಸ್ಟ್‌ಗಳೂ ಬೇಡ. ವರದಿ ಏನೇ ಬಂದರೂ ಅದನ್ನು ನೋಡಿ ನಿಮ್ಮ ಡಾಕ್ಟರು ಚಿಕಿತ್ಸೆ ಬದಲಿಸುವಂಥದ್ದು ಏನೂ ಇರುವುದಿಲ್ಲ. ಆ ದುಡ್ಡನ್ನು ಮುಂದಿನ ಎಕೋಗೆ ಇಟ್ಟುಕೊಳ್ಳಿ.

ಊಟದಲ್ಲಿ ಪಥ್ಯ ಏನೂ ಇಲ್ಲ. ಬ್ಯುಟಿರೇಟ್ ತಯಾರಿಸುವ ಬ್ಯಾಕ್ಟೀರಿಯಾಗಳಿಗೆ ಬೇಕಾದದ್ದು ನಾರು. ಅದು ರಾಗಿಯಲ್ಲಿದೆ, ಹೆಸರುಕಾಳು, ಅವರೆಕಾಳು, ಸೊಪ್ಪು, ಬಾಳೆಹಣ್ಣಿನಲ್ಲಿದೆ. ಮನೆಯಲ್ಲಿ ಎಲ್ಲರೂ ತಿನ್ನುವುದನ್ನೇ ಅವನಿಗೂ ಕೊಡಿ. ಮೊಸರು, ಮಜ್ಜಿಗೆ ಧಾರಾಳವಾಗಿ ಕೊಡಿ. ಇಡ್ಲಿ ಹಿಟ್ಟು ಹುಳಿ ಬಂದಿರುವುದರಿಂದ ಅದರಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುತ್ತದೆ ಎಂದು ಕೆಲವರು ಕೊಡುತ್ತಾರೆ. ಹಬೆಯಲ್ಲಿ ಬೆಂದ ಮೇಲೆ ಅವು ಉಳಿಯುವುದಿಲ್ಲ. ಇಡ್ಲಿಯನ್ನು ಇಡ್ಲಿ ಎಂದೇ ಕೊಡಿ, ಒಳ್ಳೆಯ ತಿಂಡಿ ಅದು.

ಈಗ ನಿಮ್ಮ ಗಮನ ಎಲ್ಲಿರಬೇಕು ಎಂದರೆ ಆಸ್ಪಿರಿನ್ ಮತ್ತು ಎಕೋ ಮೇಲೆ. ಆಸ್ಪಿರಿನ್ ಈಗ ಕಡಿಮೆ ಪ್ರಮಾಣದಲ್ಲಿ ನಡೆಯುತ್ತಿರಬೇಕು, ಕೆಜಿಗೆ 3ರಿಂದ 5 ಮಿಲಿಗ್ರಾಂ ಲೆಕ್ಕದಲ್ಲಿ. ಎರಡು ಮೂರನೇ ವಾರದಲ್ಲಿ ಈ ಮಕ್ಕಳ ಪ್ಲೇಟ್‌ಲೆಟ್ ವಿಪರೀತ ಏರುತ್ತದೆ, ರಕ್ತ ಹೆಪ್ಪುಗಟ್ಟದಿರಲಿ ಎಂದು ಇದನ್ನು ಕೊಡುತ್ತಾರೆ. ಸಾಮಾನ್ಯವಾಗಿ ಆರರಿಂದ ಎಂಟು ವಾರ. ಮಗು ಚೆನ್ನಾಗಿ ಆಡುತ್ತಿದೆ ಎಂದು ನೀವಾಗಿಯೇ ನಿಲ್ಲಿಸಬೇಡಿ. ಈ ಸಮಯದಲ್ಲಿ ಜ್ವರ ಬಂದರೆ ಪ್ಯಾರಾಸಿಟಮಾಲ್ ಕೊಡಿ, ಐಬುಪ್ರೊಫೆನ್ ಬೇಡ, ಅದು ಆಸ್ಪಿರಿನ್ ಕೆಲಸಕ್ಕೆ ಅಡ್ಡ ಬರುತ್ತದೆ. ಜ್ವರ ಬಂದ ದಿನವೇ ಡಾಕ್ಟರಿಗೆ ತಿಳಿಸಿ. ಮನೆಯಲ್ಲಿ, ಅಂಗನವಾಡಿಯಲ್ಲಿ ಯಾರಿಗಾದರೂ ಅಮ್ಮ, ಅಂದರೆ ಚಿಕನ್ ಪಾಕ್ಸ್, ಅಥವಾ ಫ್ಲೂ ಬಂದಿದ್ದರೆ ಕೂಡಲೇ ಫೋನ್ ಮಾಡಿ. ಆಸ್ಪಿರಿನ್ ಮತ್ತು ಈ ವೈರಸ್‌ಗಳು ಸೇರಿದರೆ ರೈಸ್ ಸಿಂಡ್ರೋಮ್ ಎಂಬ ಅಪರೂಪದ, ಆದರೆ ಮೆದುಳು ಮತ್ತು ಯಕೃತ್ತಿಗೆ ಅಪಾಯ ತರುವ ತೊಂದರೆ ಬರಬಹುದು.

ಮೂರನೇ ಎಕೋ ಆರನೇ ವಾರದ ಆಸುಪಾಸಿನಲ್ಲಿ ಆಗಬೇಕು. ಎರಡು ನಾರ್ಮಲ್ ಬಂದಿದೆಯಲ್ಲ, ಮೂರನೆಯದು ಯಾಕೆ ಎಂದು ಬಿಡಬೇಡಿ. ಅದೂ ನಾರ್ಮಲ್ ಬಂದರೆ ಆಸ್ಪಿರಿನ್ ನಿಲ್ಲಿಸುತ್ತಾರೆ. ಮೊದಲಿನಿಂದ ಕೊನೆಯವರೆಗೆ ಕರೋನರಿ ನಾಳ ನಾರ್ಮಲ್ ಇದ್ದ ಮಕ್ಕಳು ಮುಂದೆ ಎಲ್ಲ ಮಕ್ಕಳ ಹಾಗೇ ಓಡಬಹುದು, ಆಡಬಹುದು, ಈಜಬಹುದು. ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ ಮತ್ತು ಎಕೋ ವರದಿಗಳನ್ನು ಮಾತ್ರ ಜೋಪಾನವಾಗಿ ಇಡಿ. ಅವನು ದೊಡ್ಡವನಾದ ಮೇಲೂ ಡಾಕ್ಟರಿಗೆ ತೋರಿಸಲು ಬೇಕು.

ಲಸಿಕೆಯ ವಿಷಯ ಎಷ್ಟೋ ಕಡೆ ಹೇಳಲು ಮರೆಯುತ್ತಾರೆ. ಅವನಿಗೆ ಹಾಕಿದ ಡ್ರಿಪ್ಪಿನಲ್ಲಿ ಸಾವಿರಾರು ರಕ್ತದಾನಿಗಳ ಪ್ರತಿಕಾಯಗಳು ಇರುತ್ತವೆ. ಅವು ದೇಹದಲ್ಲಿ ಇರುವಾಗ ದಡಾರ, ಚಿಕನ್ ಪಾಕ್ಸ್‌ನಂಥ ಜೀವಂತ ಲಸಿಕೆ ಹಾಕಿಸಿದರೆ ಅದು ಹಿಡಿಯುವುದಿಲ್ಲ. ಆದ್ದರಿಂದ ಡ್ರಿಪ್ ಹಾಕಿದ ದಿನದಿಂದ ಹನ್ನೊಂದು ತಿಂಗಳು ಈ ಲಸಿಕೆಗಳನ್ನು ಮುಂದೂಡಬೇಕು. ಉಳಿದ ಲಸಿಕೆಗಳಿಗೆ ಅಡ್ಡಿ ಇಲ್ಲ. ತಾಯಿ ಕಾರ್ಡಿನಲ್ಲಿ ಡ್ರಿಪ್‌ನ ತಾರೀಕನ್ನು ದಪ್ಪ ಅಕ್ಷರದಲ್ಲಿ ಬರೆಸಿಡಿ.

ಕೊನೆಗೆ ನಿಮ್ಮ ಮಗಳು. ಕವಾಸಾಕಿ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಅಣ್ಣನ ತಟ್ಟೆಯಲ್ಲಿ ತಿಂದರೂ, ಅವನ ಪಕ್ಕ ಮಲಗಿದರೂ ಬರುವುದಿಲ್ಲ. ಆದರೆ ಒಂದೇ ಮನೆಯ ಮಕ್ಕಳಲ್ಲಿ ಬೇರೆಯವರಿಗಿಂತ ಸಾಧ್ಯತೆ ಹೆಚ್ಚು ಎನ್ನುವುದು ನಿಜ. ಕಾಯಿಲೆ ಅತಿ ಹೆಚ್ಚಿರುವ ಜಪಾನ್‌ನಲ್ಲೇ ಅದು ನೂರಕ್ಕೆ ಒಂದೆರಡು. ಮಗನಿಗೆ ಮತ್ತೆ ಬರುವುದೂ ಅಲ್ಲಿ ನೂರಕ್ಕೆ ಮೂರರಷ್ಟು ಮಾತ್ರ. ಅವಳಿಗೆ ಮುಂಚಿತವಾಗಿ ಕೊಡುವ ಔಷಧವೂ ಇಲ್ಲ, ಪೌಡರೂ ಇಲ್ಲ. ಎದೆಹಾಲು ಕುಡಿಯುತ್ತಿದ್ದರೆ ಮುಂದುವರಿಸಿ.

ಒಂದು ವಿಷಯದಲ್ಲಿ ಮಾತ್ರ ಎಚ್ಚರ ಇರಲಿ. ಒಂದು ವರ್ಷದೊಳಗಿನ ಮಕ್ಕಳಲ್ಲಿ ಕವಾಸಾಕಿ ಎಷ್ಟೋ ಸಲ ಪೂರ್ತಿ ಲಕ್ಷಣ ತೋರಿಸುವುದಿಲ್ಲ, ಆದರೆ ಹೃದಯಕ್ಕೆ ಅಪಾಯ ಅವರಲ್ಲೇ ಜಾಸ್ತಿ. ಅವಳಿಗೆ ಜ್ವರ ಬಂದು ಐದು ದಿನವಾದರೂ ಇಳಿಯದಿದ್ದರೆ ಮನೆಯಲ್ಲಿ ಕಾಯಬೇಡಿ. ಗೀಜು ಇಲ್ಲದೆ ಎರಡೂ ಕಣ್ಣು ಕೆಂಪಾಗಿದೆಯಾ, ತುಟಿ ಒಡೆದು ನಾಲಿಗೆ ಕೆಂಪಗೆ ಬೊಕ್ಕೆಬೊಕ್ಕೆಯಾಗಿದೆಯಾ, ಅಂಗೈ ಅಂಗಾಲು ಊದಿದೆಯಾ, ಕತ್ತಿನಲ್ಲಿ ಗಂಟು ಇದೆಯಾ ನೋಡಿ. ತೋಳಿನ ಮೇಲೆ ಹುಟ್ಟಿದಾಗ ಹಾಕಿಸಿದ ಬಿಸಿಜಿ ಲಸಿಕೆಯ ಗುರುತನ್ನೂ ನೋಡಿ. ಮಾಗಿದ ಆ ಜಾಗ ಮತ್ತೆ ಕೆಂಪಗೆ ಊದಿಕೊಂಡರೆ ಅದು ಕವಾಸಾಕಿಯ ಬಲವಾದ ಸುಳಿವು. ಎಲ್ಲ ಮಕ್ಕಳಿಗೂ ಬಿಸಿಜಿ ಹಾಕುವ ನಮ್ಮ ದೇಶದಲ್ಲಿ ಇದು ತಾಯಂದಿರ ಕಣ್ಣಿಗೇ ಮೊದಲು ಬೀಳುತ್ತದೆ. ಬೆರಳ ತುದಿಯ ಸಿಪ್ಪೆ ಸುಲಿಯುವವರೆಗೆ ಕಾಯಬೇಡಿ, ಅದು ಎರಡನೇ ವಾರದ ನಂತರದ ಲಕ್ಷಣ, ಅಷ್ಟರಲ್ಲಿ ಹತ್ತು ದಿನ ದಾಟಿರುತ್ತದೆ. ಡಾಕ್ಟರ ಮುಂದೆ ಕೂತ ಕೂಡಲೇ, ಇವಳ ಅಣ್ಣನಿಗೆ ಕವಾಸಾಕಿ ಆಗಿತ್ತು ಎಂದು ಮೊದಲ ಮಾತಿನಲ್ಲೇ ಹೇಳಿ.